ಒಂದು ಯಂತ್ರ, ಹಲವು ಬಳಕೆದಾರರು: ಲಿನಕ್ಸ್ ಟರ್ಮಿನಲ್‌ನಲ್ಲಿ ಖಾತೆ ತೆರೆಯುವ ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳ್ಳಿಗಳಲ್ಲಿ ಸಹಕಾರ ಸಂಘದ ಕಚೇರಿಯಾಗಲಿ, ಪಂಚಾಯಿತಿಯ ಗ್ರಂಥಾಲಯವಾಗಲಿ, ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯಾಗಲಿ, ಅನೇಕ ಕಡೆ ಕಾಣುವ ವ್ಯವಸ್ಥೆ ಒಂದೇ ಬಗೆಯದು. ಯಂತ್ರ ಒಂದು, ಅದನ್ನು ಬಳಸುವವರು ನಾಲ್ಕಾರು ಮಂದಿ, ಎಲ್ಲರಿಗೂ ಸೇರಿ ಒಂದೇ ಖಾತೆ, ಅದರ ಪಾಸ್‌ವರ್ಡ್ ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ. ಅಡಿಕೆ ಬರುವ ದಿನಗಳಲ್ಲಿ ತೂಕದ ಲೆಕ್ಕ ಬರೆಯಲೆಂದು ಸೇರಿಕೊಂಡ ತಾತ್ಕಾಲಿಕ ನೌಕರನೂ ಸಂಘದ ಕಾರ್ಯದರ್ಶಿಯೂ ಒಂದೇ ಹೆಸರಿನಲ್ಲಿ ಒಳಹೊಕ್ಕರೆ, ರಾಶಿ ಅಡಿಕೆಯ ಕಲಮಿನಲ್ಲಿ ಬೆಟ್ಟೆಯ ತೂಕ ಬರೆದವರು ಯಾರೆಂಬುದು ಯಂತ್ರಕ್ಕೂ ಗೊತ್ತಿರುವುದಿಲ್ಲ, ಕೇಳಿದರೆ ಮನುಷ್ಯರಿಗೂ ನೆನಪಿರುವುದಿಲ್ಲ. ಆ ನೌಕರ ಕೆಲಸ ಬಿಟ್ಟು ಹೋದ ಮೇಲೂ ಪಾಸ್‌ವರ್ಡ್ ಅವನ ತಲೆಯಲ್ಲಿ ಉಳಿದಿರುತ್ತದೆ. ಇದಕ್ಕೆ ಪರಿಹಾರ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಮೊದಲಿನಿಂದಲೂ ಇದೆ: ಪ್ರತಿಯೊಬ್ಬರಿಗೂ ಅವರವರದೇ ಖಾತೆ. ಖಾತೆ ತೆರೆಯುವುದು ಒಂದು ನಿಮಿಷದ ಕೆಲಸ. ಅದು ಯಾವ ಗುಂಪಿಗೆ ಸೇರಬೇಕು, ಯಾವ ದಿನ ಮುಚ್ಚಬೇಕು ಎಂಬುದನ್ನು ತೆರೆಯುವ ಮೊದಲೇ ತೀರ್ಮಾನಿಸುವುದಕ್ಕೆ ಹೆಚ್ಚು ಗಮನ ಬೇಕು. ಈ ಬರಹದಲ್ಲಿಯೂ ಹೆಚ್ಚು ಜಾಗ ಅದಕ್ಕೇ ಮೀಸಲು.

ಸೆಟ್ಟಿಂಗ್ಸ್ ಪರದೆಯಲ್ಲಿ ಗುಂಡಿ ಒತ್ತಿಯೂ ಖಾತೆ ತೆರೆಯಬಹುದಾದಾಗ, ಕಮಾಂಡ್‌ಗಳನ್ನು ಟೈಪ್ ಮಾಡಿ ನಡೆಸುವ ಟರ್ಮಿನಲ್ ಏಕೆ ಎಂಬ ಪ್ರಶ್ನೆಗೆ ಮಲೆನಾಡಿನಲ್ಲಿ ಉತ್ತರ ಸುಲಭ. ಯಂತ್ರ ನಿಟ್ಟೂರಿನಲ್ಲೋ ಆಗುಂಬೆಯ ಆಸುಪಾಸಿನಲ್ಲೋ ಇರುತ್ತದೆ, ಅದನ್ನು ನೋಡಿಕೊಳ್ಳುವವರು ಶಿವಮೊಗ್ಗದಲ್ಲಿರುತ್ತಾರೆ. ಮಳೆ ಹಿಡಿದ ತಿಂಗಳುಗಳಲ್ಲಿ ಸಿಗ್ನಲ್ ಕ್ಷೀಣಿಸಿದಾಗ ದೂರದ ಯಂತ್ರದ ಪರದೆಯನ್ನು ಚಿತ್ರರೂಪದಲ್ಲಿ ತರಿಸಿಕೊಳ್ಳುವುದು ಆಗದ ಮಾತು. ದೂರದ ಯಂತ್ರಕ್ಕೆ ಟರ್ಮಿನಲ್‌ನಿಂದಲೇ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕವಾದರೆ ಹೋಗಿಬರುವುದು ಬರಿಯ ಅಕ್ಷರಗಳಾದ್ದರಿಂದ ಎಳೆಯಷ್ಟು ಸಂಪರ್ಕವಿದ್ದರೂ ಕೆಲಸ ನಡೆಯುತ್ತದೆ. ಅಲ್ಲದೆ, ಪರದೆಯ ವಿನ್ಯಾಸ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತ ಹೋದರೂ ಈ ಕಮಾಂಡ್‌ಗಳು ದಶಕಗಳಿಂದ ಹೆಚ್ಚೇನೂ ಬದಲಾಗಿಲ್ಲ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಲಿನಕ್ಸ್‌ನ ಬಗೆಗಳಾದ ಉಬುಂಟು ಮತ್ತು ಡೆಬಿಯನ್‌ಗೆ ಅನ್ವಯಿಸುತ್ತದೆ. ಫೆಡೋರಾ, ರೆಡ್ ಹ್ಯಾಟ್ ಬಳಗದಲ್ಲಿ ವ್ಯತ್ಯಾಸವಿರುವ ಕಡೆ ಅಲ್ಲಲ್ಲೇ ಸೂಚಿಸಿದ್ದೇನೆ. ಕಮಾಂಡ್‌ಗಳನ್ನು ಓದುವ ಅನುಕೂಲಕ್ಕೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ, ಉಚ್ಚಾರಣೆಯಿಂದ ಕಾಗುಣಿತ ಊಹಿಸಲಾಗದ ಕಡೆ ಅಕ್ಷರ ಬಿಡಿಸಿದ್ದೇನೆ. ಉದಾಹರಣೆಗೆ, ಮುಂದೆ ಪದೇ ಪದೇ ಬರುವ ಸುಡೊ ಎಂಬುದು ಎಸ್, ಯು, ಡಿ, ಒ ಎಂಬ ನಾಲ್ಕು ಅಕ್ಷರ. ಅದರ ನಂತರ ಬರೆಯುವ ಕಮಾಂಡ್ ಆಡಳಿತಾಧಿಕಾರದೊಂದಿಗೆ ನಡೆಯುತ್ತದೆ, ಮತ್ತು ಖಾತೆಗೆ ಸಂಬಂಧಿಸಿದ ಬಹುತೇಕ ಕೆಲಸಕ್ಕೆ ಆ ಅಧಿಕಾರ ಬೇಕೇಬೇಕು.

ಖಾತೆ ಎಂದರೆ ಏನು

ಲಿನಕ್ಸ್‌ನಲ್ಲಿ ಖಾತೆಯೆಂಬುದು ಮೂಲತಃ ಒಂದು ಕಡತದಲ್ಲಿರುವ ಒಂದು ಸಾಲು. ಆ ಕಡತ /ಇಟಿಸಿ/ಪಾಸ್‌ಡಬ್ಲ್ಯೂಡಿ. ಪಾಸ್‌ವರ್ಡ್ ಎಂಬುದರ ಇಂಗ್ಲಿಷ್ ಕಾಗುಣಿತದಿಂದ ಒ ಮತ್ತು ಆರ್ ಅಕ್ಷರಗಳನ್ನು ತೆಗೆದರೆ ಅದರ ಹೆಸರು ಸಿಗುತ್ತದೆ. ಅದರ ಪ್ರತಿ ಸಾಲಿನಲ್ಲಿ ವಿವರಣ ಚಿಹ್ನೆಯಿಂದ, ಅಂದರೆ ಒಂದರ ಮೇಲೊಂದಿರುವ ಎರಡು ಚುಕ್ಕಿಗಳಿಂದ, ಬೇರ್ಪಟ್ಟ 7 ಅಂಕಣಗಳಿರುತ್ತವೆ: ಬಳಕೆಹೆಸರು, ಪಾಸ್‌ವರ್ಡಿನ ಜಾಗದಲ್ಲಿ ಎಕ್ಸ್ ಅಕ್ಷರ, ಬಳಕೆದಾರರ ಸಂಖ್ಯೆ, ಮುಖ್ಯ ಗುಂಪಿನ ಸಂಖ್ಯೆ, ಪೂರ್ಣ ಹೆಸರು ಇತ್ಯಾದಿ ವಿವರ, ಹೋಮ್ ಫೋಲ್ಡರ್‌ನ ವಿಳಾಸ, ಮತ್ತು ಲಾಗಿನ್ ಆದಾಗ ತೆರೆಯುವ ಶೆಲ್, ಅಂದರೆ ಟೈಪ್ ಮಾಡಿದ ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಂ. ಈ ಕಡತವನ್ನು ಯಂತ್ರದಲ್ಲಿರುವ ಯಾರು ಬೇಕಾದರೂ ಓದಬಹುದಾದ್ದರಿಂದ ನಿಜವಾದ ಪಾಸ್‌ವರ್ಡ್ ಅದರಲ್ಲಿಲ್ಲ. ಅದರ ಹ್ಯಾಶ್, ಅಂದರೆ ಹಿಂದಕ್ಕೆ ಬಿಡಿಸಲಾಗದಂತೆ ಮಾರ್ಪಡಿಸಿದ ರೂಪ, /ಇಟಿಸಿ/ಶ್ಯಾಡೋ ಎಂಬ ಬೇರೆ ಕಡತದಲ್ಲಿ ಆಡಳಿತಾಧಿಕಾರಿಗೆ ಮಾತ್ರ ಕಾಣುವಂತೆ ಇರುತ್ತದೆ. ಗುಂಪುಗಳ ಪಟ್ಟಿ ಇರುವುದು /ಇಟಿಸಿ/ಗ್ರೂಪ್‌ನಲ್ಲಿ.

ಈ ಅಂಕಣಗಳ ಪೈಕಿ ಯಂತ್ರ ನಿಜವಾಗಿ ಗುರುತಿಸುವುದು ಸಂಖ್ಯೆಯನ್ನು. ಕಡತವೊಂದರ ಒಡೆತನ ಡಿಸ್ಕಿನಲ್ಲಿ ದಾಖಲಾಗುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ನಾವು ಪಟ್ಟಿ ಕೇಳಿದಾಗ ಆ ಸಂಖ್ಯೆಗೆ ಹೊಂದುವ ಹೆಸರನ್ನು ಹುಡುಕಿ ತೋರಿಸಲಾಗುತ್ತದೆ, ಅಷ್ಟೆ. ರೂಟ್ ಎಂಬ ಪರಮಾಧಿಕಾರದ ಖಾತೆಯ ಸಂಖ್ಯೆ 0. ಅಲ್ಲಿಂದ 999ರವರೆಗಿನವು ಮುದ್ರಣ, ಜಾಲ ಮುಂತಾದ ಸೇವೆಗಳಿಗೆ ಮೀಸಲು. ಮನುಷ್ಯರ ಖಾತೆಗಳು 1000ದಿಂದ ಆರಂಭವಾಗುತ್ತವೆ; ಈ ಮಿತಿಗಳು /ಇಟಿಸಿ/ಲಾಗಿನ್.ಡೆಫ್ಸ್ ಎಂಬ ಕಡತದಲ್ಲಿ ಬರೆದಿರುತ್ತವೆ. ಹೆಸರಿನ ಹಿಂದೆ ಒಂದು ಸಂಖ್ಯೆ ಇದೆಯೆಂಬುದನ್ನು ನೆನಪಿಟ್ಟುಕೊಂಡರೆ, ಖಾತೆ ಅಳಿಸುವ ಸಂದರ್ಭದಲ್ಲಿ ಎದುರಾಗುವ ತೊಡಕು ತಾನಾಗಿ ಅರ್ಥವಾಗುತ್ತದೆ.

ಹೆಸರಿನ ಆಯ್ಕೆಗೂ ಸ್ವಲ್ಪ ಯೋಚನೆ ಬೇಕು. ಒಂದೇ ಸಂಘದಲ್ಲಿ ಇಬ್ಬರು ಮಂಜುನಾಥರು, ಮೂವರು ನಾಗರಾಜರು ಇರುವುದು ನಮ್ಮಲ್ಲಿ ಅಪರೂಪವಲ್ಲ; ಆದ್ದರಿಂದ ಹೆಸರಿನ ಜೊತೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಸೇರಿಸುವ ಪದ್ಧತಿಯನ್ನು ಮೊದಲ ಖಾತೆಯಿಂದಲೇ ಪಾಲಿಸುವುದು ಒಳ್ಳೆಯದು. ಮಂಜುನಾಥ ಎಂಬುದನ್ನು ಇಂಗ್ಲಿಷಿನಲ್ಲಿ ಕೊನೆಯ ಎ ಸೇರಿಸಿ ಬರೆಯುವವರೂ ಬಿಟ್ಟು ಬರೆಯುವವರೂ ಇರುವುದರಿಂದ, ಯಾವುದಾದರೂ ಒಂದನ್ನು ಗೊತ್ತುಮಾಡಿ ಕಚೇರಿಯ ಪುಸ್ತಕದಲ್ಲಿ ಬರೆದಿಡಬೇಕು. ಬಳಕೆಹೆಸರು ಸಣ್ಣಕ್ಷರದಿಂದ ಆರಂಭವಾಗಬೇಕು, 32 ಅಕ್ಷರ ಮೀರಬಾರದು, ನಡುವೆ ಖಾಲಿ ಜಾಗ ಇರಕೂಡದು. ಸಣ್ಣಕ್ಷರ, ಅಂಕಿ, ಅಡ್ಡಗೆರೆಗಳಷ್ಟನ್ನೇ ಬಳಸಿದರೆ ಎಲ್ಲಿಯೂ ತಕರಾರು ಬರುವುದಿಲ್ಲ. ಕನ್ನಡ ಲಿಪಿಯ ಬಳಕೆಹೆಸರನ್ನು ಈ ಕಮಾಂಡ್‌ಗಳು ಸಹಜವಾಗಿ ಒಪ್ಪುವುದಿಲ್ಲ, ಇದು ಬೇಸರದ ಸಂಗತಿಯಾದರೂ ಸದ್ಯಕ್ಕೆ ವಾಸ್ತವ. ಇನ್ನು, ಕ್ಲರ್ಕ್, ಆಫೀಸ್ ಮುಂತಾಗಿ ಹುದ್ದೆಯ ಹೆಸರಿನಲ್ಲಿ ಖಾತೆ ತೆರೆಯುವುದು ಬೇಡವೇ ಬೇಡ. ಹುದ್ದೆಗೆ ಜನ ಬದಲಾದಂತೆ ಪಾಸ್‌ವರ್ಡ್ ಕೈಯಿಂದ ಕೈಗೆ ದಾಟಿ, ಮತ್ತೆ ಚೀಟಿಯ ಕಾಲಕ್ಕೇ ಮರಳಿದಂತಾಗುತ್ತದೆ.

ಖಾತೆ ತೆರೆಯುವುದು

ಉಬುಂಟು ಮತ್ತು ಡೆಬಿಯನ್‌ನಲ್ಲಿ ಒಬ್ಬರಿಗೆ ಖಾತೆ ತೆರೆಯಲು ಸರಿಯಾದ ಸಾಧನ ಆ್ಯಡ್‌ಯೂಸರ್. ಸುಮಾ ಎಂಬ ಬಳಕೆಹೆಸರಿಗೆ ಕಮಾಂಡ್ ಹೀಗಿರುತ್ತದೆ:

ಸುಡೊ ಆ್ಯಡ್‌ಯೂಸರ್ ಸುಮಾ

ಮೊದಲು ಕೇಳುವುದು ನಿಮ್ಮದೇ ಪಾಸ್‌ವರ್ಡ್, ಅದು ಸುಡೊಗಾಗಿ. ಅನಂತರ ಹೊಸ ಖಾತೆಯ ಪಾಸ್‌ವರ್ಡನ್ನು ಎರಡು ಬಾರಿ ಕೇಳುತ್ತದೆ. ಟೈಪ್ ಮಾಡುವಾಗ ಪರದೆಯಲ್ಲಿ ಅಕ್ಷರವಾಗಲಿ ಚುಕ್ಕಿಯಾಗಲಿ ಮೂಡದಿದ್ದರೆ ಕೀಲಿಮಣೆ ಕೆಟ್ಟಿದೆಯೆಂದು ತಿಳಿಯಬೇಕಾಗಿಲ್ಲ. ಪಕ್ಕದಲ್ಲಿ ನಿಂತವರಿಗೆ ಅಕ್ಷರಗಳ ಎಣಿಕೆಯೂ ಸಿಗಬಾರದೆಂದು ಹಾಗೆ ಮಾಡಲಾಗಿದೆ. ಬಳಿಕ ಪೂರ್ಣ ಹೆಸರು, ಕೊಠಡಿ ಸಂಖ್ಯೆ, ಕಚೇರಿ ಮತ್ತು ಮನೆಯ ದೂರವಾಣಿ ಕೇಳಬಹುದು. ಇವೆಲ್ಲ ಎಲ್ಲರೂ ಓದಬಲ್ಲ ಕಡತದಲ್ಲಿ ಸೇರುವುದರಿಂದ ಪೂರ್ಣ ಹೆಸರನ್ನಷ್ಟೇ ಕೊಟ್ಟು ಉಳಿದವುಗಳಿಗೆ ಎಂಟರ್ ಒತ್ತಿ ಮುಂದೆ ಹೋಗುವುದು ಲೇಸು. ವಿವರ ಸರಿಯೇ ಎಂದು ಕೇಳಿದಾಗ ವೈ ಒತ್ತಿದರೆ ಕೆಲಸ ಮುಗಿಯಿತು.

ಇಷ್ಟರಲ್ಲಿ ಹಿನ್ನೆಲೆಯಲ್ಲಿ ನಡೆದದ್ದು ಹಲವು: ಮುಂದಿನ ಖಾಲಿ ಸಂಖ್ಯೆ ಹಂಚಿಕೆಯಾಗಿದೆ, ಅದೇ ಹೆಸರಿನ ಒಂದು ಗುಂಪು ಹುಟ್ಟಿದೆ, /ಹೋಮ್/ಸುಮಾ ಎಂಬ ಫೋಲ್ಡರ್ ಸಿದ್ಧವಾಗಿದೆ, ಮತ್ತು /ಇಟಿಸಿ/ಸ್ಕೆಲ್ ಎಂಬ ಮಾದರಿ ಫೋಲ್ಡರ್‌ನಲ್ಲಿ ಇದ್ದುದೆಲ್ಲ ಅದರೊಳಕ್ಕೆ ನಕಲಾಗಿದೆ. ಸ್ಕೆಲ್‌ನ ಕಾಗುಣಿತ ಎಸ್, ಕೆ, ಇ, ಎಲ್. ಈ ಮಾದರಿ ಫೋಲ್ಡರನ್ನು ಬಹಳ ಜನ ಗಮನಿಸುವುದೇ ಇಲ್ಲ. ಕಚೇರಿಯ ಪತ್ರದ ನಮೂನೆ, ಅಡಿಕೆ ತೂಕದ ಖಾಲಿ ಹಾಳೆ, ಮುದ್ರಕ ಬಳಸುವ ಸೂಚನೆ ಮೊದಲಾದವನ್ನು ಅಲ್ಲಿ ಇರಿಸಿದರೆ ಮುಂದೆ ತೆರೆಯುವ ಪ್ರತಿ ಖಾತೆಗೂ ಅವು ತಾವಾಗಿ ಬರುತ್ತವೆ. ಆಗಲೇ ಇರುವ ಖಾತೆಗಳಿಗೆ ಮಾತ್ರ ಬರುವುದಿಲ್ಲವಾದ್ದರಿಂದ, ಈ ಕೆಲಸವನ್ನು ಮೊದಲ ಖಾತೆ ತೆರೆಯುವ ಮುನ್ನವೇ ಮಾಡಬೇಕು.

ಹೆಸರು ಹಿಂದುಮುಂದಾದ ಇನ್ನೊಂದು ಕಮಾಂಡ್ ಇದೆ: ಯೂಸರ್‌ಆ್ಯಡ್. ಇದು ಎಲ್ಲ ಲಿನಕ್ಸ್‌ಗಳಲ್ಲೂ ಸಿಗುವ ಕೆಳಹಂತದ ಸಾಧನ. ಆ್ಯಡ್‌ಯೂಸರ್ ಡೆಬಿಯನ್ ಬಳಗದಲ್ಲಿ ಇದರ ಮೇಲೆ ಕಟ್ಟಿದ, ಪರ್ಲ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್. ಫೆಡೋರಾದಲ್ಲಿ ಎರಡೂ ಹೆಸರು ಒಂದನ್ನೇ ಸೂಚಿಸುತ್ತವೆ. ಯೂಸರ್‌ಆ್ಯಡ್ ಏನನ್ನೂ ಕೇಳುವುದಿಲ್ಲ, ಹೇಳಿದಷ್ಟನ್ನು ಮಾತ್ರ ಮಾಡುತ್ತದೆ. ಉಬುಂಟುವಿನಲ್ಲಿ ಬರಿಯ ಹೆಸರನ್ನು ಕೊಟ್ಟು ಅದನ್ನು ಓಡಿಸಿದರೆ ಹೋಮ್ ಫೋಲ್ಡರ್ ಹುಟ್ಟುವುದಿಲ್ಲ, ಶೆಲ್ ಸಾಮಾನ್ಯವಾಗಿ ಬಳಸುವ ಬ್ಯಾಷ್ ಆಗಿರುವುದಿಲ್ಲ, ಪಾಸ್‌ವರ್ಡ್ ಇಲ್ಲದೆ ಖಾತೆ ಬೀಗ ಹಾಕಿದ ಸ್ಥಿತಿಯಲ್ಲಿರುತ್ತದೆ. ಆದ್ದರಿಂದ ಕನಿಷ್ಠ ಹೀಗೆ ಬರೆಯಬೇಕು:

ಸುಡೊ ಯೂಸರ್‌ಆ್ಯಡ್ -ಎಂ -ಎಸ್ /ಬಿನ್/ಬ್ಯಾಷ್ ಸುಮಾ
ಸುಡೊ ಪಾಸ್‌ಡಬ್ಲ್ಯೂಡಿ ಸುಮಾ

ಇಲ್ಲಿ -ಎಂ ಹೋಮ್ ಫೋಲ್ಡರ್ ಸೃಷ್ಟಿಸಲು, -ಎಸ್ ಶೆಲ್ ಯಾವುದೆಂದು ಹೇಳಲು; ಎರಡೂ ಸಣ್ಣಕ್ಷರ. ಎರಡನೆಯ ಸಾಲು ಪಾಸ್‌ವರ್ಡ್ ಕೊಡಲು. ಯೂಸರ್‌ಆ್ಯಡ್‌ಗೆ -ಪಿ ಎಂಬ ಆಯ್ಕೆಯೂ ಇದೆ, ಅದನ್ನು ಕಂಡು ಪಾಸ್‌ವರ್ಡನ್ನು ಅಲ್ಲೇ ಬರೆದುಬಿಡುವ ಆಸೆ ಹುಟ್ಟುವುದು ಸಹಜ. ಆದರೆ ಅದು ನಿರೀಕ್ಷಿಸುವುದು ಈಗಾಗಲೇ ಹ್ಯಾಶ್ ಆದ ರೂಪವನ್ನು. ಸಾದಾ ಪಾಸ್‌ವರ್ಡ್ ಕೊಟ್ಟರೆ ಕಮಾಂಡ್ ತಕರಾರಿಲ್ಲದೆ ಮುಗಿಯುತ್ತದೆ, ಲಾಗಿನ್ ಮಾತ್ರ ಎಂದೂ ಆಗುವುದಿಲ್ಲ. ಜೊತೆಗೆ ಆ ಪಾಸ್‌ವರ್ಡ್ ನಿಮ್ಮ ಟರ್ಮಿನಲ್ ಇತಿಹಾಸದಲ್ಲಿ ಓದಬಹುದಾದ ರೂಪದಲ್ಲಿ ಉಳಿಯುತ್ತದೆ.

ಪಾಸ್‌ವರ್ಡ್ ಹೇಗೆ ಕೊಟ್ಟರೂ ಅದು ನಿಮಗೆ ಗೊತ್ತಿರುವ ಪಾಸ್‌ವರ್ಡ್. ಬಳಕೆದಾರರು ಮೊದಲ ಬಾರಿ ಒಳಬಂದ ಕೂಡಲೇ ಅದನ್ನು ಬದಲಿಸಲೇಬೇಕೆಂದು ಕಡ್ಡಾಯ ಮಾಡಲು ಈ ಸಾಲು:

ಸುಡೊ ಚೇಜ್ -ಡಿ 0 ಸುಮಾ

ಚೇಜ್‌ನ ಕಾಗುಣಿತ ಸಿ, ಎಚ್, ಎ, ಜಿ, ಇ. ನಡುವೆ ಎನ್ ಇಲ್ಲ. ಫೋನಿನಲ್ಲಿ ಪಾಸ್‌ವರ್ಡ್ ಹೇಳಬೇಕಾಗಿ ಬಂದಾಗ ಇದರ ಉಪಯೋಗ ಹೆಚ್ಚು: ಹೇಳಿದ ಪಾಸ್‌ವರ್ಡ್ ಒಂದು ಲಾಗಿನ್‌ಗಷ್ಟೇ ಬಾಳುತ್ತದೆ.

ತೆರೆದ ಖಾತೆಯನ್ನು ನೋಡಿ ಖಚಿತಪಡಿಸಿಕೊಳ್ಳಲು ಐಡಿ ಸುಮಾ ಎಂಬ ಚಿಕ್ಕ ಕಮಾಂಡ್ ಸಾಕು. ಸಂಖ್ಯೆ ಮತ್ತು ಗುಂಪುಗಳೆಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಹೋಮ್ ಫೋಲ್ಡರ್ ಮತ್ತು ಶೆಲ್ ನೋಡಬೇಕಿದ್ದರೆ ಗೆಟೆಂಟ್ ಪಾಸ್‌ಡಬ್ಲ್ಯೂಡಿ ಸುಮಾ ಎಂದು ಕೇಳಬಹುದು. ಗೆಟೆಂಟ್ ಎಂದರೆ ಜಿ, ಇ, ಟಿ, ಇ, ಎನ್, ಟಿ.

ಗುಂಪುಗಳು: ಹೆಚ್ಚು ಎಚ್ಚರ ಬೇಕಾದ ಜಾಗ

ಪ್ರತಿಯೊಬ್ಬರಿಗೂ ಬೇರೆ ಖಾತೆ ಎಂದ ಕೂಡಲೇ ಕಚೇರಿಯಲ್ಲಿ ಏಳುವ ಮೊದಲ ಆಕ್ಷೇಪ, ಹಾಗಾದರೆ ಒಬ್ಬರು ಬರೆದ ಲೆಕ್ಕವನ್ನು ಇನ್ನೊಬ್ಬರು ತೆರೆಯುವುದು ಹೇಗೆ ಎಂಬುದು. ಆಕ್ಷೇಪ ನ್ಯಾಯವಾದದ್ದೇ. ಉಬುಂಟು 21.04ರಿಂದ ಈಚೆಗೆ ಹೊಸ ಖಾತೆಯ ಹೋಮ್ ಫೋಲ್ಡರ್ ಇತರರಿಗೆ ತೆರೆಯದಂತೆಯೇ ಹುಟ್ಟುತ್ತದೆ. ಹಳೆಯ ಅಭ್ಯಾಸದವರು ಆಗ ಎಲ್ಲ ಅನುಮತಿಗಳನ್ನೂ ತೆರೆದಿಡುವ 777 ಎಂಬ ಮಂತ್ರಕ್ಕೆ ಕೈ ಹಾಕುತ್ತಾರೆ. ಅದು ಮನೆ ಕಾಯಲು ಬಾಗಿಲನ್ನೇ ಕಿತ್ತು ಹೊರಗಿಟ್ಟಂತೆ. ಸರಿಯಾದ ದಾರಿ, ಒಂದು ಗುಂಪನ್ನು ರಚಿಸಿ, ಆ ಗುಂಪಿಗೆ ಸೇರಿದ ಹಂಚಿಕೆಯ ಫೋಲ್ಡರನ್ನು ಯಾರ ಹೋಮ್ ಫೋಲ್ಡರ್‌ಗೂ ಸೇರದ ಜಾಗದಲ್ಲಿ ಇಡುವುದು. ಗುಂಪಿನ ಹೆಸರು ಲೆಕ್ಕ ಎಂದಿಟ್ಟುಕೊಳ್ಳೋಣ:

ಸುಡೊ ಗ್ರೂಪ್‌ಆ್ಯಡ್ ಲೆಕ್ಕ
ಸುಡೊ ಎಂಕೆಡಿಐಆರ್ /ಎಸ್‌ಆರ್‌ವಿ/ಲೆಕ್ಕ
ಸುಡೊ ಸಿಎಚ್‌ಜಿಆರ್‌ಪಿ ಲೆಕ್ಕ /ಎಸ್‌ಆರ್‌ವಿ/ಲೆಕ್ಕ
ಸುಡೊ ಸಿಎಚ್‌ಎಂಒಡಿ 2770 /ಎಸ್‌ಆರ್‌ವಿ/ಲೆಕ್ಕ
ಸುಡೊ ಯೂಸರ್‌ಮಾಡ್ -ಎಜಿ ಲೆಕ್ಕ ಸುಮಾ

ಮೊದಲ ಸಾಲು ಗುಂಪನ್ನು, ಎರಡನೆಯದು ಫೋಲ್ಡರನ್ನು ಸೃಷ್ಟಿಸುತ್ತದೆ. ಮೂರನೆಯದು ಫೋಲ್ಡರನ್ನು ಗುಂಪಿಗೆ ಒಪ್ಪಿಸುತ್ತದೆ. ನಾಲ್ಕನೆಯ ಸಾಲಿನ 2770ರಲ್ಲಿ ಎರಡು 7ಗಳು ಒಡೆಯರಿಗೂ ಗುಂಪಿಗೂ ಪೂರ್ಣ ಅನುಮತಿ ನೀಡಿದರೆ, ಕೊನೆಯ 0 ಉಳಿದವರನ್ನು ಹೊರಗಿಡುತ್ತದೆ. ಮುಂದಿರುವ 2 ಇಡೀ ವ್ಯವಸ್ಥೆಯ ಕೀಲಕ: ಆ ಫೋಲ್ಡರ್‌ನೊಳಗೆ ಯಾರೇ ಹೊಸ ಕಡತ ಮಾಡಿದರೂ ಅದು ಮಾಡಿದವರ ಸ್ವಂತ ಗುಂಪಿಗೆ ಸೇರದೆ ಲೆಕ್ಕ ಗುಂಪಿಗೇ ಸೇರುವಂತೆ ಅದು ನೋಡಿಕೊಳ್ಳುತ್ತದೆ. ಅದನ್ನು ಬಿಟ್ಟು 770 ಎಂದಷ್ಟೇ ಬರೆದರೆ ಸುಮಾ ಮಾಡಿದ ಕಡತ ಸುಮಾಳ ಗುಂಪಿನದಾಗಿ ಉಳಿದು, ಫೋಲ್ಡರ್ ತೆರೆದರೂ ಕಡತ ತಿದ್ದಲಾಗದ ವಿಚಿತ್ರ ಸ್ಥಿತಿ ಉಂಟಾಗುತ್ತದೆ. ಇಷ್ಟಾದ ಮೇಲೂ ಒಂದು ಪರೀಕ್ಷೆ ಉಳಿದಿದೆ: ಒಂದು ಖಾತೆಯಿಂದ ಕಡತ ಮಾಡಿ, ಎಲ್‌ಎಸ್ -ಎಲ್ ಕಮಾಂಡಿನಿಂದ ನೋಡಿದಾಗ ಗುಂಪಿಗೆ ಬರೆಯುವ ಅನುಮತಿಯ ಡಬ್ಲ್ಯೂ ಅಕ್ಷರ ಕಾಣಬೇಕು. ಕಾಣದಿದ್ದರೆ ಹೊಸ ಕಡತಕ್ಕೆ ಯಾವ ಅನುಮತಿಗಳು ಇರಬಾರದೆಂದು ಹೇಳುವ, ಬಳಕೆದಾರರ ಯುಮಾಸ್ಕ್ ಮೌಲ್ಯವನ್ನು 002 ಮಾಡಬೇಕಾಗುತ್ತದೆ.

ಐದನೆಯ ಸಾಲಿನಲ್ಲಿ ಎ ಸಣ್ಣಕ್ಷರ, ಜಿ ದೊಡ್ಡಕ್ಷರ. ಈ ಸಣ್ಣ ಎ ಅಕ್ಷರದ ಬೆಲೆ ದೊಡ್ಡದು. ಅದಿದ್ದರೆ ಹೊಸ ಗುಂಪು ಈಗಿರುವ ಗುಂಪುಗಳ ಜೊತೆಗೆ ಸೇರುತ್ತದೆ. ಅದನ್ನು ಬಿಟ್ಟು ದೊಡ್ಡ ಜಿ ಒಂದನ್ನೇ ಬರೆದರೆ, ಹೆಸರಿಸಿದ ಗುಂಪನ್ನು ಮಾತ್ರ ಉಳಿಸಿಕೊಂಡು ಉಳಿದೆಲ್ಲ ಹೆಚ್ಚುವರಿ ಗುಂಪುಗಳಿಂದ ಬಳಕೆದಾರರನ್ನು ಯಾವ ಎಚ್ಚರಿಕೆಯನ್ನೂ ನೀಡದೆ ತೆಗೆದುಹಾಕಲಾಗುತ್ತದೆ. ಆಡಳಿತಾಧಿಕಾರವಿರುವ ಏಕೈಕ ಖಾತೆಯ ಮೇಲೆ ಇದನ್ನು ಓಡಿಸಿದರೆ ಆ ಖಾತೆ ಸುಡೊ ಬಳಸುವ ಅಧಿಕಾರ ಕೊಡುವ ಸುಡೊ ಗುಂಪಿನಿಂದಲೇ ಹೊರಬೀಳುತ್ತದೆ, ಮರಳಿ ಸೇರಿಸಲು ಬೇಕಾದ ಅಧಿಕಾರವೂ ಅದರೊಂದಿಗೇ ಹೋಗುತ್ತದೆ. ಯಂತ್ರ ಘಟ್ಟದ ಅಂಚಿನಲ್ಲಿದ್ದು ನೀವು ಶಿವಮೊಗ್ಗದಲ್ಲಿದ್ದರೆ ಅದರ ಪರಿಣಾಮ ಒಂದು ಬಸ್ ಪ್ರಯಾಣ. ಉಬುಂಟು, ಡೆಬಿಯನ್‌ನಲ್ಲಿ ಸುಡೊ ಆ್ಯಡ್‌ಯೂಸರ್ ಸುಮಾ ಲೆಕ್ಕ ಎಂದು ಬಳಕೆಹೆಸರು, ಗುಂಪಿನ ಹೆಸರುಗಳನ್ನು ಅನುಕ್ರಮವಾಗಿ ಬರೆದರೂ ಇದೇ ಕೆಲಸ ಆಗುತ್ತದೆ. ಮರೆವಿಗೆ ಎಡೆಯಿಲ್ಲದ ಕಾರಣ ನಾನು ಇದನ್ನೇ ಶಿಫಾರಸು ಮಾಡುತ್ತೇನೆ.

ಗುಂಪಿಗೆ ಸೇರಿಸಿದ ಬಳಿಕವೂ ಫೋಲ್ಡರ್ ತೆರೆಯುತ್ತಿಲ್ಲ ಎಂಬ ಫೋನ್ ಬಂದರೆ ಗಾಬರಿಯಾಗಬೇಕಿಲ್ಲ. ಗುಂಪುಗಳ ಪಟ್ಟಿಯನ್ನು ಯಂತ್ರ ಓದುವುದು ಲಾಗಿನ್ ಸಮಯದಲ್ಲಿ ಮಾತ್ರ. ಹೊರಗೆ ಹೋಗಿ ಮತ್ತೆ ಒಳಬಂದರೆ ಸರಿಯಾಗುತ್ತದೆ.

ಸುಡೊ ಗುಂಪಿಗೆ ಯಾರನ್ನು ಸೇರಿಸಬೇಕೆಂಬುದು ತಾಂತ್ರಿಕ ಪ್ರಶ್ನೆಗಿಂತ ಕಚೇರಿಯ ಪ್ರಶ್ನೆ. ಫೆಡೋರಾ ಬಳಗದಲ್ಲಿ ಇದೇ ಕೆಲಸದ ಗುಂಪಿನ ಹೆಸರು ವೀಲ್. ಇಬ್ಬರಿಗೆ ಆ ಅಧಿಕಾರ ಇರಲಿ, ಒಬ್ಬರಿಗೆ ಸಾಲದು, ಐವರಿಗೆ ಬೇಡ. ಒಬ್ಬರೇ ಇದ್ದು ಅವರು ಪಾಸ್‌ವರ್ಡ್ ಮರೆತರೆ ಯಂತ್ರದ ಎದುರು ಕುಳಿತು ರಿಕವರಿ ಮೋಡ್‌ನಲ್ಲಿ ತೆರೆಯುವುದೊಂದೇ ದಾರಿ. ಸುಡೊ ಮೂಲಕ ನಡೆದ ಪ್ರತಿ ಕಮಾಂಡೂ ಯಾರ ಖಾತೆಯಿಂದ ನಡೆಯಿತೆಂಬುದು ವ್ಯವಸ್ಥೆಯ ಲಾಗ್‌ನಲ್ಲಿ ದಾಖಲಾಗುವುದರಿಂದ, ರೂಟ್ ಪಾಸ್‌ವರ್ಡ್ ಹಂಚಿಕೊಳ್ಳುವುದಕ್ಕಿಂತ ಈ ವ್ಯವಸ್ಥೆ ಮೇಲು. ದೂರದಿಂದ ಕೆಲಸ ಮಾಡುವಾಗ, ಹೊಸ ಆಡಳಿತ ಖಾತೆಯಿಂದ ಇನ್ನೊಂದು ಟರ್ಮಿನಲ್‌ನಲ್ಲಿ ಲಾಗಿನ್ ಆಗಿ ಸುಡೊ ನಡೆಯುತ್ತದೆಂದು ನೋಡುವ ತನಕ ಮೊದಲ ಸಂಪರ್ಕವನ್ನು ಮುಚ್ಚಕೂಡದು.

ಸುಗ್ಗಿಯ ನೌಕರರು, ಶಾಲೆಯ ಮಕ್ಕಳು

ಅಡಿಕೆ ಕೊಯ್ಲಿನಿಂದ ಮಾರ್ಚ್ ಲೆಕ್ಕ ಮುಗಿಯುವ ತನಕ ಮಾತ್ರ ಕೆಲಸಕ್ಕೆ ಬರುವವರ ಖಾತೆಗೆ ಕೊನೆಯ ದಿನವನ್ನು ತೆರೆಯುವಾಗಲೇ ನಿಗದಿ ಮಾಡಬೇಕು, ಏಕೆಂದರೆ ಏಪ್ರಿಲ್‌ನಲ್ಲಿ ಅದು ಯಾರ ನೆನಪಿನಲ್ಲೂ ಇರುವುದಿಲ್ಲ. ಮಾರ್ಚ್ 31ರ ಸಂಜೆಯವರೆಗೂ ಕೆಲಸವಿದ್ದರೆ ದಿನಾಂಕ ಹೀಗಿರಲಿ:

ಸುಡೊ ಚೇಜ್ -ಇ 2027-04-01 ಮಂಜು

ಇಲ್ಲಿ ಇ ದೊಡ್ಡಕ್ಷರ. ದಿನಾಂಕದಲ್ಲಿ ವರ್ಷ, ತಿಂಗಳು, ದಿನ ಎಂಬ ಅನುಕ್ರಮ. ಕೊಡುವ ದಿನಾಂಕ ಖಾತೆ ದೊರೆಯದಂತಾಗುವ ದಿನವೇ ಹೊರತು ಕೆಲಸದ ಕೊನೆಯ ದಿನವಲ್ಲವಾದ್ದರಿಂದ ಒಂದು ದಿನ ಮುಂದಿನದನ್ನು ಬರೆದಿದ್ದೇನೆ. ಅವಧಿ ಮುಗಿದಾಗ ಲಾಗಿನ್ ನಿಲ್ಲುತ್ತದೆ, ಕಡತಗಳಿಗೆ ಏನೂ ಆಗುವುದಿಲ್ಲ. ಅದೇ ವ್ಯಕ್ತಿ ಮುಂದಿನ ಸುಗ್ಗಿಗೆ ಮರಳಿದರೆ ದಿನಾಂಕ ಬದಲಿಸಿದರಾಯಿತು, ಹೊಸ ಖಾತೆ ಬೇಕಿಲ್ಲ. ಈಗಿರುವ ದಿನಾಂಕಗಳನ್ನು ನೋಡಲು ಸುಡೊ ಚೇಜ್ -ಎಲ್ ಮಂಜು ಎಂದು ಬರೆಯಬೇಕು, ಎಲ್ ಸಣ್ಣಕ್ಷರ.

ಶಾಲೆಯಲ್ಲಿ ಒಂದು ತರಗತಿಗೆ ಸಾಲು ಸಾಲಾಗಿ ಖಾತೆ ತೆರೆಯಬೇಕಾದಾಗ ಸ್ಥಿತಿ ಬೇರೆ. ಇದಕ್ಕೆಂದೇ ನ್ಯೂಯೂಸರ್ಸ್ ಎಂಬ ಕಮಾಂಡ್ ಇದೆ. ಪಾಸ್‌ಡಬ್ಲ್ಯೂಡಿ ಕಡತದ ಮಾದರಿಯಲ್ಲೇ ಸಾಲುಗಳನ್ನು ಬರೆದ ಕಡತವನ್ನು ಅದು ಓದಿ ಎಲ್ಲ ಖಾತೆಗಳನ್ನೂ ಒಮ್ಮೆಲೇ ತೆರೆಯುತ್ತದೆ. ಆದರೆ ಅದು ಹೋಮ್ ಫೋಲ್ಡರ್ ಮಾಡಿದರೂ ಸ್ಕೆಲ್ ಫೋಲ್ಡರ್‌ನಲ್ಲಿರುವುದನ್ನು ನಕಲಿಸುವುದಿಲ್ಲ. ಆದಕಾರಣ, ಬಳಕೆಹೆಸರುಗಳನ್ನು ಸಾಲಿಗೊಂದರಂತೆ ಒಂದು ಪಟ್ಟಿಯಲ್ಲಿ ಬರೆದು, ಬ್ಯಾಷ್‌ನ ವೈಲ್ ಅಥವಾ ಫಾರ್ ಲೂಪಿನಿಂದ, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ನಡೆಸುವ ಸಾಲುಗಳಿಂದ, ಪ್ರತಿ ಹೆಸರಿಗೂ ಮೇಲೆ ಹೇಳಿದ ಯೂಸರ್‌ಆ್ಯಡ್ ಸಾಲನ್ನು ಓಡಿಸಿ, ಅನಂತರ ಸಿಎಚ್‌ಪಾಸ್‌ಡಬ್ಲ್ಯೂಡಿ ಎಂಬ ಕಮಾಂಡಿಗೆ ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳ ಕಡತವನ್ನು ಒಪ್ಪಿಸುವುದು ನನಗೆ ಹೆಚ್ಚು ಸಮಂಜಸವಾಗಿ ಕಾಣುತ್ತದೆ. ಆ ಕಡತದಲ್ಲಿ ಪ್ರತಿ ಸಾಲು ಹೆಸರು, ವಿವರಣ ಚಿಹ್ನೆ, ಪಾಸ್‌ವರ್ಡ್ ಎಂಬ ಕ್ರಮದಲ್ಲಿರುತ್ತದೆ, ನಡುವೆ ಖಾಲಿ ಜಾಗ ಇರುವುದಿಲ್ಲ. ಮಕ್ಕಳ ಪಾಸ್‌ವರ್ಡ್‌ಗಳೆಲ್ಲ ಅದರಲ್ಲಿ ಬಹಿರಂಗವಾಗಿ ಇರುವುದರಿಂದ ಕಡತ ಮಾಡಿದೊಡನೆ ಅದರ ಅನುಮತಿಯನ್ನು 600ಕ್ಕೆ, ಅಂದರೆ ಒಡೆಯರು ಮಾತ್ರ ಓದಿ ಬರೆಯುವಂತೆ, ಇಳಿಸಿ, ಕೆಲಸ ಮುಗಿದ ಕೂಡಲೇ ಅಳಿಸಬೇಕು. ಎಲ್ಲರಿಗೂ ಚೇಜ್ -ಡಿ 0 ಅನ್ವಯಿಸುವುದನ್ನೂ ಅದೇ ಲೂಪಿಗೆ ಸೇರಿಸಬಹುದು, ಆದರೆ ಅದು ಪಾಸ್‌ವರ್ಡ್ ಕೊಟ್ಟ ನಂತರ ನಡೆಯಬೇಕು. ಮೊದಲೇ ನಡೆದರೆ ಪಾಸ್‌ವರ್ಡ್ ಕೊಟ್ಟಾಗ ಆ ಕಡ್ಡಾಯ ಅಳಿಸಿಹೋಗುತ್ತದೆ.

ನಡುವೆ ಕರೆಂಟ್ ಹೋದರೆ

ಮಳೆಗಾಲದಲ್ಲಿ ಈ ಪ್ರಶ್ನೆ ಕಾಲ್ಪನಿಕವಲ್ಲ. ಪಾಸ್‌ಡಬ್ಲ್ಯೂಡಿ, ಶ್ಯಾಡೋ, ಗ್ರೂಪ್ ಕಡತಗಳನ್ನು ಸಾಮಾನ್ಯ ಎಡಿಟರ್‌ನಲ್ಲಿ ತೆರೆದು ಕೈಯಿಂದ ತಿದ್ದುವುದು ಹೇಗೂ ಸಲ್ಲದು. ಅರ್ಧ ಬರೆದಾಗ ಯಂತ್ರ ಆರಿದರೆ ಒಬ್ಬರೂ ಲಾಗಿನ್ ಆಗಲಾರದ ಸ್ಥಿತಿ ಬರಬಹುದು. ಮೇಲಿನ ಕಮಾಂಡ್‌ಗಳು ಹೊಸ ಪ್ರತಿಯನ್ನು ಪೂರ್ತಿ ಬರೆದ ಮೇಲೆಯೇ ಹಳೆಯದರ ಜಾಗಕ್ಕೆ ತರುವುದರಿಂದ ಅಂಥ ಅಪಾಯ ಕಡಿಮೆ. ಹಿಂದಿನ ಪ್ರತಿಯೂ ಅದೇ ಹೆಸರಿನ ಕೊನೆಗೆ ಒಂದು ಅಡ್ಡಗೆರೆ ಸೇರಿ ಅಲ್ಲೇ ಉಳಿದಿರುತ್ತದೆ.

ಆದರೆ ಒಂದೇ ಹೊತ್ತಿನಲ್ಲಿ ಇಬ್ಬರು ತಿದ್ದದಂತೆ ಈ ಕಮಾಂಡ್‌ಗಳು ಇಡುವ ಬೀಗದ ಕಡತಗಳು ಉಳಿದುಬಿಡುವುದುಂಟು. ಕರೆಂಟ್ ಮರಳಿದ ಮೇಲೆ ಪಾಸ್‌ಡಬ್ಲ್ಯೂಡಿ ಕಡತಕ್ಕೆ ಬೀಗ ಹಾಕಲಾಗಲಿಲ್ಲ, ಅನಂತರ ಪ್ರಯತ್ನಿಸಿ ಎಂಬರ್ಥದ ಸಂದೇಶ ಪದೇ ಪದೇ ಬಂದರೆ, ಬೇರೆ ಯಾರೂ ಅದೇ ಹೊತ್ತಿನಲ್ಲಿ ಖಾತೆಯ ಕಮಾಂಡ್ ಓಡಿಸುತ್ತಿಲ್ಲವೆಂದು ಮೊದಲು ಖಚಿತಪಡಿಸಿಕೊಂಡು, /ಇಟಿಸಿ ಫೋಲ್ಡರ್‌ನಲ್ಲಿ ಪಾಸ್‌ಡಬ್ಲ್ಯೂಡಿ.ಲಾಕ್, ಶ್ಯಾಡೋ.ಲಾಕ್, ಗ್ರೂಪ್.ಲಾಕ್, ಜಿಶ್ಯಾಡೋ.ಲಾಕ್ ಎಂಬ ಹೆಸರಿನವು ಇದ್ದರೆ ಅವನ್ನು ತೆಗೆಯಬೇಕು. ಹೆಸರಿನ ಕೊನೆಯ ಲಾಕ್ ಭಾಗವನ್ನು ಎರಡು ಬಾರಿ ಓದಿ ಅಳಿಸಿ. ಅದಿಲ್ಲದ ಕಡತವನ್ನು ಅಳಿಸಿದರೆ ಖಾತೆಗಳೇ ಹೋದವು. ಬಳಿಕ ಸುಡೊ ಪಿಡಬ್ಲ್ಯೂಸಿಕೆ -ಆರ್ ಮತ್ತು ಸುಡೊ ಜಿಆರ್‌ಪಿಸಿಕೆ -ಆರ್ ಎಂಬ ಎರಡು ಕಮಾಂಡ್‌ಗಳು ಏನನ್ನೂ ಬದಲಿಸದೆ ಕಡತಗಳನ್ನು ಪರಿಶೀಲಿಸಿ ದೋಷಗಳನ್ನು ಹೇಳುತ್ತವೆ. ಸೇವೆಗಳ ಖಾತೆಗಳಿಗೆ ಹೋಮ್ ಫೋಲ್ಡರ್ ಇಲ್ಲ ಎಂಬ ದೂರುಗಳು ಅದರಲ್ಲಿ ಬಂದರೆ ಅವು ಮೊದಲಿನಿಂದಲೂ ಇದ್ದವು, ನಿರ್ಲಕ್ಷಿಸಬಹುದು.

ಖಾತೆ ಮುಚ್ಚುವುದು

ಒಬ್ಬರು ಕೆಲಸ ಬಿಟ್ಟ ದಿನವೇ ಅವರ ಖಾತೆಯನ್ನು ಅಳಿಸುವ ಅವಸರ ಬೇಡ. ಅದೇ ದಿನ ಅದನ್ನು ಮುಚ್ಚುವುದು ಮಾತ್ರ ಅಗತ್ಯ. ಸುಡೊ ಪಾಸ್‌ಡಬ್ಲ್ಯೂಡಿ -ಎಲ್ ಸುಮಾ ಎಂಬುದು ಪಾಸ್‌ವರ್ಡಿಗೆ ಬೀಗ ಹಾಕುತ್ತದೆ, ಆದರೆ ಪಾಸ್‌ವರ್ಡಿಗೆ ಮಾತ್ರ. ಅವರು ಪಾಸ್‌ವರ್ಡಿನ ಬದಲು ಎಸ್‌ಎಸ್‌ಎಚ್ ಕೀ ಎಂಬ ಗುರುತಿನ ಕಡತ ಬಳಸಿ ಬರುತ್ತಿದ್ದರೆ ಆ ದಾರಿ ತೆರೆದೇ ಇರುತ್ತದೆ. ಎರಡನ್ನೂ ನಿಲ್ಲಿಸಲು ಖಾತೆಯ ಅವಧಿಯನ್ನೇ ಮುಗಿಸಬೇಕು:

ಸುಡೊ ಚೇಜ್ -ಇ 0 ಸುಮಾ

ಇಲ್ಲಿಯೂ ಇ ದೊಡ್ಡಕ್ಷರ. 0 ಎಂದರೆ 1970ರ ಜನವರಿ 1, ಎಂದೋ ಕಳೆದುಹೋದ ದಿನ. ಮತ್ತೆ ತೆರೆಯಬೇಕಾದರೆ 0 ಬದಲು -1 ಎಂದು ಬರೆಯಬೇಕು. ಈಗಾಗಲೇ ಒಳಗಿರುವವರನ್ನು ಇದು ಹೊರಹಾಕುವುದಿಲ್ಲ, ಹಾಗಾಗಿ ಹೂ ಎಂಬ ಕಮಾಂಡಿನಿಂದ ಯಾರು ಲಾಗಿನ್ ಆಗಿದ್ದಾರೆಂದು ನೋಡಿಕೊಳ್ಳಬೇಕು. ಅದರ ಕಾಗುಣಿತ ಡಬ್ಲ್ಯೂ, ಎಚ್, ಒ.

ವಾರ್ಷಿಕ ಲೆಕ್ಕಪರಿಶೋಧನೆ ಮುಗಿದು ಆ ಕಡತಗಳ ಅಗತ್ಯ ಇನ್ನಿಲ್ಲವೆಂದು ಗೊತ್ತಾದಾಗ ಖಾತೆ ಅಳಿಸಬಹುದು. ಡೆಬಿಯನ್ ಬಳಗದಲ್ಲಿ ಇದಕ್ಕೆ ಡೆಲ್‌ಯೂಸರ್ ಇದೆ:

ಸುಡೊ ಡೆಲ್‌ಯೂಸರ್ --ಬ್ಯಾಕಪ್ --ರಿಮೂವ್-ಹೋಮ್ ಸುಮಾ

ಹೋಮ್ ಫೋಲ್ಡರ್ ಅಳಿಸುವ ಮೊದಲು ಅದರ ಕಡತಗಳನ್ನೆಲ್ಲ ಒಂದು ಸಂಗ್ರಹ ಕಡತವಾಗಿ ನೀವಿರುವ ಫೋಲ್ಡರ್‌ನಲ್ಲಿ ಇದು ಉಳಿಸುತ್ತದೆ. ಡಿಸ್ಕಿನಲ್ಲಿ ಅಷ್ಟು ಜಾಗ ಇದೆಯೇ ಎಂದು ಮೊದಲೇ ನೋಡಿರಬೇಕು. ಫೆಡೋರಾದಲ್ಲಿ ಯೂಸರ್‌ಡೆಲ್ -ಆರ್ ಎಂದಿರುತ್ತದೆ, ಅದು ಪ್ರತಿ ಉಳಿಸುವುದಿಲ್ಲ.

ಎರಡೂ ಕಮಾಂಡ್‌ಗಳು ಅಳಿಸುವುದು ಹೋಮ್ ಫೋಲ್ಡರ್ ಮತ್ತು ಅಂಚೆಪೆಟ್ಟಿಗೆಯನ್ನಷ್ಟೇ. ಹಂಚಿಕೆಯ ಫೋಲ್ಡರ್‌ನಲ್ಲಿ ಸುಮಾ ಮಾಡಿದ ಕಡತಗಳು ಅಲ್ಲೇ ಉಳಿದು, ಒಡೆಯರ ಜಾಗದಲ್ಲಿ ಹೆಸರಿನ ಬದಲು 1004ರಂಥ ಬರಿಯ ಸಂಖ್ಯೆ ತೋರಿಸುತ್ತವೆ. ಮುಂದೆ ತೆರೆಯುವ ಹೊಸ ಖಾತೆಗೆ ಅದೇ ಸಂಖ್ಯೆ ಸಿಕ್ಕರೆ, ಆ ಹೊಸಬರು ಹಳೆಯ ಕಡತಗಳೆಲ್ಲದರ ಒಡೆಯರಾಗಿಬಿಡುತ್ತಾರೆ. ತೂಕದ ಲೆಕ್ಕ ಬರೆದವರು ಅವರೇ ಎಂದು ಯಂತ್ರ ಸಾಕ್ಷಿ ಹೇಳುತ್ತದೆ. ಆದ್ದರಿಂದ ಅಳಿಸಿದ ದಿನವೇ ಒಡೆಯರಿಲ್ಲದ ಕಡತಗಳನ್ನು ಪತ್ತೆಹಚ್ಚಬೇಕು:

ಸುಡೊ ಫೈಂಡ್ / -ಎಕ್ಸ್‌ಡೆವ್ -ನೋಯೂಸರ್

ಇದು ಮೂಲ ಡಿಸ್ಕ್ ವಿಭಾಗವನ್ನು ಮಾತ್ರ ಹುಡುಕುತ್ತದೆ. /ಹೋಮ್ ಅಥವಾ /ಎಸ್‌ಆರ್‌ವಿ ಬೇರೆ ವಿಭಾಗದಲ್ಲಿದ್ದರೆ / ಎಂಬ ಓರೆಗೆರೆಯ ಜಾಗದಲ್ಲಿ ಅವುಗಳ ವಿಳಾಸ ಕೊಟ್ಟು ಮತ್ತೊಮ್ಮೆ ಓಡಿಸಿ, ಸಿಕ್ಕ ಕಡತಗಳನ್ನು ಸಿಎಚ್‌ಒಡಬ್ಲ್ಯೂಎನ್ ಕಮಾಂಡಿನಿಂದ ಆ ಕೆಲಸವನ್ನು ಈಗ ವಹಿಸಿಕೊಂಡವರ ಹೆಸರಿಗೆ ಬದಲಿಸಬೇಕು.